ಯಂತ್ರ ಆಪ್ತನಾಗಬಲ್ಲುದೆ?

ದಂತವೈದ್ಯ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಎರಡು ಪ್ರಶ್ನೆಗಳ ಉತ್ತರ ಬೆರೆತಿರುತ್ತದೆ. ಮಾಡಿದ ಕೆಲಸ ಸರಿಯಾಗಿದೆಯೇ ಎಂಬುದು ಒಂದು. ಈ ಕೈಗೆ ಇನ್ನೊಬ್ಬರ ಬಾಯನ್ನು ಒಪ್ಪಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೃತಕ ಬುದ್ಧಿಮತ್ತೆ ದಿನೇ ದಿನೇ ಉತ್ತಮ ಉತ್ತರ ಕೊಡುತ್ತಿದೆ. ಆ ಉತ್ತರವೇ ಎರಡನೆಯದಕ್ಕೂ ಸಾಕೇ ಎಂಬಲ್ಲಿ ತತ್ತ್ವದ ಪ್ರಶ್ನೆ ಹುಟ್ಟುತ್ತದೆ.

ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಸೇರಿ ರಾಜ್ಯದ ಬಹುಪಾಲು ದಂತ ಕಾಲೇಜುಗಳಿಗೆ ಪರೀಕ್ಷೆ ನಡೆಸುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬಿಡಿಎಸ್ ವಿದ್ಯಾರ್ಥಿ ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆ ಮತ್ತು ವೈವಾವನ್ನೂ (ಮೌಖಿಕ ಪರೀಕ್ಷೆ) ಎದುರಿಸಬೇಕು. ಮೊದಲು ಫ್ಯಾಂಟಮ್ ಹೆಡ್ ಎಂಬ ಕೃತಕ ತಲೆಯಲ್ಲಿ ಕೂರಿಸಿದ ಕೃತಕ ಹಲ್ಲನ್ನು ಕೊರೆದು ಕಲಿಯುತ್ತಾನೆ. ಆಮೇಲೆ ರೋಗಿಯ ಬಾಯಿಗೆ ಬರುತ್ತಾನೆ. ಹುಳುಕು ತೆಗೆದು ಬೆಳ್ಳಿ ತುಂಬಲು ತೋಡುವ ಕುಳಿಯ ಆಳ ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರಿನ ಹೆಚ್ಚುಕಡಿಮೆಯನ್ನು ಬರಿಗಣ್ಣಿನಲ್ಲಿ ತೂಗುವುದು ಕಷ್ಟ. ಒಂದೇ ಕುಳಿಗೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕ ಕೊಡುವುದು, ಬೆಳಿಗ್ಗೆ ಕೊಟ್ಟ ಅಂಕವನ್ನು ಅದೇ ಪರೀಕ್ಷಕರು ಸಂಜೆ ಕೊಡದಿರುವುದು ದಂತ ಶಿಕ್ಷಣದಲ್ಲಿ ಬಹುಕಾಲದಿಂದ ಗೊತ್ತಿರುವ ಸಂಗತಿ. ಸ್ಕ್ಯಾನರ್ ಕುಳಿಯ ಮೂರು ಆಯಾಮದ ಚಿತ್ರ ತೆಗೆದು ಮಾದರಿಯೊಂದಿಗೆ ಹೋಲಿಸಿದರೆ ಈ ಏರುಪೇರು ತಗ್ಗುತ್ತದೆ. ಯಂತ್ರಕ್ಕೆ ದಣಿವಿಲ್ಲ, ಯಾರ ಮಗ, ಯಾವ ಊರಿನವಳು ಎಂದು ಅದು ಕೇಳುವುದಿಲ್ಲ. ಪರೀಕ್ಷಕರ ಮುಖ ನೋಡಿ ನಡುಗುವ ವಿದ್ಯಾರ್ಥಿಗೆ ಇದು ಸಣ್ಣ ನ್ಯಾಯವಲ್ಲ.

ಆದರೆ ಅಳತೆಯೇ ತೀರ್ಪಲ್ಲ. ಭಾರತೀಯ ತರ್ಕಶಾಸ್ತ್ರದಲ್ಲಿ ಈ ಅಂತರವನ್ನು ಗುರುತಿಸುವ ಸಲಕರಣೆ ಹಿಂದಿನಿಂದಲೂ ಇದೆ. ನ್ಯಾಯದರ್ಶನ ಒಪ್ಪುವ ಪ್ರಮಾಣಗಳು, ಅಂದರೆ ಸರಿಯಾದ ಅರಿವಿನ ದಾರಿಗಳು, ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಗೌತಮನ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ಸ್ವತಃ ಕಂಡರಿತು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತ ಸೇರಿಸುತ್ತಾನೆ. ಹುಟ್ಟು, ಪದವಿ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಯಂತ್ರವೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಹೊರಗಿಡಲು ಬಾರದು. ಅದನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಅದು ಕಂಡದ್ದು ಹಲ್ಲಿನ ಚಿತ್ರವನ್ನು. ಕೊರೆಯುವಾಗ ರೋಗಿ ಹುಬ್ಬು ಗಂಟಿಕ್ಕಿದ್ದು, ವಿದ್ಯಾರ್ಥಿ ಅದನ್ನು ಗಮನಿಸಿ ಕೈ ನಿಲ್ಲಿಸಿದ್ದು ಆ ಚಿತ್ರದಲ್ಲಿ ಇಲ್ಲ. ಕಂಡಂತೆ ತಿಳಿಸುವ ಇಚ್ಛೆಯಂತೂ ಅದಕ್ಕಿರುವ ಕುರುಹಿಲ್ಲ. ಅದು ಹೊರಗೆಡಹುವುದು ಒಂದು ಸಂಖ್ಯೆಯನ್ನು.

ಬಳ್ಳಾರಿ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಎಳವೆಯಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಕಲೆ, ತೀವ್ರವಾದರೆ ತಗ್ಗುಗಳು ಉಳಿಯುತ್ತವೆ. ಇಂಥ ಕಲೆ ಕಡಿಮೆ ಇರುವ ದೇಶಗಳ ಚಿತ್ರಗಳಿಂದ ಕಲಿತ ತಂತ್ರಾಂಶ ಕಂದು ಕಲೆಯನ್ನು ಹುಳುಕೆಂದು ಓದುವ ಅಪಾಯವಿದೆ. ಅಂಥ ನೀರಿನ ಊರಿನಿಂದ ಬಂದ ರೋಗಿಯ ಹಲ್ಲನ್ನು ನೋಡಿದ ವಿದ್ಯಾರ್ಥಿ ‘ಇದು ಹುಳುಕಲ್ಲ, ಕೊರೆಯಬಾರದು’ ಎಂದು ಬರೆದರೆ, ಅವಳ ಸರಿ ಉತ್ತರಕ್ಕೆ ಅಂಥ ಯಂತ್ರ ಸೊನ್ನೆ ಕೊಟ್ಟೀತು. ಇನ್ನೂ ಕೆಟ್ಟದ್ದೆಂದರೆ, ಅಂಕ ಬೇಕಾದ ವಿದ್ಯಾರ್ಥಿ ತನ್ನ ಕಣ್ಣನ್ನು ಬಿಟ್ಟು ಯಂತ್ರ ಮೆಚ್ಚುವುದನ್ನು ಬರೆಯಲು ಕಲಿಯಬಹುದು.

ಈ ಕಲೆಗಳನ್ನು ಅಳೆಯಲು ಟ್ರೆಂಡ್ಲಿ ಡೀನ್ 1942ರಲ್ಲಿ ಪರಿಷ್ಕರಿಸಿದ ಮಾಪಕದಲ್ಲಿ ಆರು ದರ್ಜೆಗಳಿವೆ. ಸಹಜ ಹಲ್ಲಿಗೂ ಅತಿಸೌಮ್ಯ ಕಲೆಗೂ ನಡುವೆ ‘ಸಂದೇಹಾಸ್ಪದ’ ಎಂಬ ದರ್ಜೆಗೂ ಜಾಗ ಕೊಟ್ಟಿರುವುದು ಡೀನನ ದೊಡ್ಡತನ. ನ್ಯಾಯಸೂತ್ರವೂ ತನ್ನ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯವನ್ನು ಇಡುತ್ತದೆ. ಸಂಶಯವಿಲ್ಲದೆ ವಿಚಾರ ಹೊರಡುವುದೇ ಇಲ್ಲ. ಒಳ್ಳೆಯ ದಂತವೈದ್ಯನ ಗುಣಗಳಲ್ಲಿ ಸಮಯಕ್ಕೆ ಸರಿಯಾಗಿ ಸಂಶಯಪಡುವುದೂ ಒಂದು. ಪರೀಕ್ಷೆಯೂ ಆ ಗುಣಕ್ಕೆ ಅಂಕ ಕೊಡಬೇಕು.

ಲಿಖಿತ ಉತ್ತರಗಳಲ್ಲಿ ತೊಡಕು ಬೇರೆ ಬಗೆಯದು. ಭಾಷಾ ಮಾದರಿಗಳು ಉತ್ತರವನ್ನು ಬರೆಯಲೂ ಬಲ್ಲವು, ತಿದ್ದಲೂ ಬಲ್ಲವು. ಎರಡೂ ಕಡೆ ಅವೇ ನಿಂತರೆ ನಡುವೆ ವಿದ್ಯಾರ್ಥಿಯೇ ಇರುವುದಿಲ್ಲ. ಆದ್ದರಿಂದ ಹಳೆಯದೆಂದು ಕೆಲವರು ಬದಿಗೆ ಸರಿಸುವ ವೈವಾಕ್ಕೆ ಈಗ ಹೊಸ ಬೆಲೆ ಬಂದಿದೆ. ‘ಈ ಹಲ್ಲನ್ನು ಯಾಕೆ ಉಳಿಸಿದಿರಿ?’ ಎಂದು ಕೇಳಿದಾಗ ಬೇಕಾದದ್ದು ಹೇತು, ಅಂದರೆ ಕಾರಣ. ನ್ಯಾಯದ ಪಂಚಾವಯವ (ಐದು ಅಂಗಗಳ) ವಾಕ್ಯದಲ್ಲಿ ಹೇತುವಿಲ್ಲದ ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಹೇಳಿಕೆ, ಯಾವುದನ್ನೂ ಸಾಧಿಸದು. ವಿದ್ಯಾರ್ಥಿಗೆ ಇರುವ ಈ ಹೊಣೆ ಪರೀಕ್ಷಕರಿಗೂ ಇದೆ: ಹತ್ತರಲ್ಲಿ ನಾಲ್ಕೇ ಅಂಕ ಯಾಕೆ ಬಂತೆಂದು ಕೇಳುವ ಹಕ್ಕು ಅನುತ್ತೀರ್ಣನಾದವನಿಗೆ ಇರಬೇಕು. ‘ತಂತ್ರಾಂಶ ಹಾಗೆ ಹೇಳಿತು’ ಎಂಬುದು ಹೇತುವಲ್ಲ.

ಹೊಣೆಗಾರಿಕೆಯ ಪ್ರಶ್ನೆ ಉಳಿಯುವುದು ಇಲ್ಲಿಯೇ. ಅರ್ಹನಲ್ಲದವನನ್ನು ತೇರ್ಗಡೆ ಮಾಡಿದ ಪರೀಕ್ಷಕ ತನ್ನ ಸಹಿಗೆ ಉತ್ತರ ಕೊಡಬೇಕಾಗುತ್ತದೆ, ಮನಸ್ಸಿನಲ್ಲಿ ಕೊರಗಲೂಬಹುದು. ತಂತ್ರಾಂಶವನ್ನು ತಿದ್ದಬಹುದು, ಆದರೆ ಅದನ್ನು ಕರೆದು ಕೇಳಲಾಗದು. ಕುಳಿಯ ಆಳ, ಇಳಿಜಾರು, ಅಂಚುಗಳ ಅಳತೆಯನ್ನು ಯಂತ್ರ ಬರೆದಿಡಲಿ. ಅದನ್ನು ವಿದ್ಯಾರ್ಥಿಗೂ ತೋರಿಸಲಿ. ರೋಗಿಯ ಕುರ್ಚಿಯ ಪಕ್ಕದ ನಡವಳಿಕೆ, ರೋಗನಿರ್ಣಯದ ಕಾರಣ, ಉತ್ತೀರ್ಣ–ಅನುತ್ತೀರ್ಣದ ಕೊನೆಯ ನಿರ್ಧಾರ ಇವು ಕಾರಣ ಬರೆದು ಸಹಿ ಮಾಡುವ ಪರೀಕ್ಷಕರ ಪಾಲಿಗಿರಬೇಕು. ಯಂತ್ರದ ಅಳತೆಗೂ ಅವರ ಅಂಕಕ್ಕೂ ದೊಡ್ಡ ಅಂತರ ಬಂದಾಗ, ಸರಾಸರಿ ತೆಗೆದು ಮುಗಿಸದೆ, ಇನ್ನೊಬ್ಬ ಪರೀಕ್ಷಕರು ಆ ಹಲ್ಲನ್ನೇ ಮತ್ತೆ ನೋಡಬೇಕು.