ನೇತ್ರದಾನವೋ, ನೇತ್ರದಾಸೋಹವೋ?

ಲಿಂಗಪೂಜೆಯಲ್ಲಿ ಕಣ್ಣಿಗಿರುವ ಸ್ಥಾನವು ದೊಡ್ಡದು. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ನೋಡುವುದೇ ಆ ಪೂಜೆಯ ತಿರುಳು. ಷಟ್‌ಸ್ಥಲ ಶಾಸ್ತ್ರವು ಕಣ್ಣನ್ನು ಶಿವಲಿಂಗದ ಮುಖವೆಂದು ಗುರುತಿಸಿ, ರೂಪವೆಂಬ ಪದಾರ್ಥವು ಆ ಮುಖದಿಂದ ಅರ್ಪಿತವಾಗಬೇಕೆಂದು ಹೇಳುವುದು. 1921ರಲ್ಲಿ ಲಿಂಗೈಕ್ಯರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳ ಪೂಜಾನಿಷ್ಠೆಯನ್ನು ಈ ಭಾಗದ ಸದ್ಭಕ್ತರು ಇಂದಿಗೂ ನೆನೆಯುವರು. ಇಂತಹ ನಾಡಿನಲ್ಲಿ ಹದಿನೆಂಟರ ತರುಣನೊಬ್ಬನಿಗೆ ಅಂಗೈಯ ಒಂದೇ ಲಿಂಗವು ಎರಡಾಗಿ, ಮೂರಾಗಿ ಕಾಣತೊಡಗಿದರೆ ಅವನ ಗತಿಯೇನು?

ಇದು ಬರಿಯ ಕಲ್ಪನೆಯಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದು ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬುವ ಬೇನೆಯೇ ಕೆರಟೋಕೋನಸ್. ಸಾಮಾನ್ಯವಾಗಿ ಹರೆಯದಲ್ಲಿ ತೊಡಗಿ, ಹಲವು ವರ್ಷಗಳವರೆಗೆ ಮೆಲ್ಲಮೆಲ್ಲನೆ ಬೆಳೆಯುವುದು. ತುರಿಕೆಯೆಂದು ಕಣ್ಣನ್ನು ಬಲವಾಗಿ ಉಜ್ಜುವ ಚಟವು ಅದನ್ನು ಉಲ್ಬಣಗೊಳಿಸುವುದು. ಮೊದಲೇ ತಿಳಿದರೆ ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕನ್ನು ಹಾಯಿಸಿ ಬಹುಮಟ್ಟಿಗೆ ತಡೆಯಬಹುದು. ಕಳೆದ ದೃಷ್ಟಿ ಮಾತ್ರ ಅದರಿಂದ ಪೂರ್ತಿ ಮರಳದು. ಮದುವೆಯ ಮಾತು ಕೆಡಬಾರದೆಂದು ಮಗಳ ಬೇನೆಯನ್ನು ಮುಚ್ಚಿಟ್ಟು ವರುಷ ಕಳೆಯುವ ತಂದೆತಾಯಿಗಳು ಕಳೆಯುವುದು ಆ ಮಗುವಿನ ಬೆಳಕನ್ನೇ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ಇನ್ನೊಂದು ಕೇಡೂ ಉಂಟು. ರವದಿಯ ಅಂಚು ಕಣ್ಣಿಗೆ ತಾಗಿ, ಗಾಯವು ಹುಣ್ಣಾಗಿ, ಕಡೆಗೆ ಕಣ್ಣಲ್ಲಿ ಹೂ ಬಿದ್ದೀತು. ಬೇನೆ ಎರಡಾದರೂ ಮುಂದುವರಿದ ಮೇಲೆ ಉಳಿಯುವ ದಾರಿ ಒಂದೇ, ಮೃತರ ಕಾರ್ನಿಯಾದ ಕಸಿ.

ಈ ವಿದ್ಯೆಯು ಮೊದಲು ಫಲಿಸಿದುದು 1905ರಲ್ಲಿ, ಓಲೊಮೌಟ್ಸ್ ಎಂಬ ಊರಿನಲ್ಲಿ. ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಯಾಳೊಬ್ಬನಿಗೆ ಎಡ್ವರ್ಡ್ ಝಿರ್ಮ್ ಎಂಬ ವೈದ್ಯನು, ಪೆಟ್ಟು ಬಿದ್ದು ತೆಗೆಯಬೇಕಾಗಿ ಬಂದ ಬಾಲಕನೊಬ್ಬನ ಕಣ್ಣಿನ ಪಟಲವನ್ನು ಕೂಡಿಸಿದನು. ಇಂದು ಅದೇ ಪಟಲದ ಮುಂಪದರ ಹಿಂಪದರಗಳನ್ನು ಬಿಡಿಸಿ ಬೇರೆ ಬೇರೆಯವರಿಗೆ ಕೂಡಿಸುವಷ್ಟು ಕೌಶಲವಿದೆ. 2021ರಲ್ಲಿ ನಟ ಪುನೀತ್ ರಾಜಕುಮಾರರ ಎರಡು ಕಣ್ಣುಗಳು ನಾಲ್ವರಿಗೆ ಒದಗಿದುದು ಹೀಗೆಯೇ.

ಆದರೂ ನಮ್ಮ ಗೃಹಸ್ಥರಲ್ಲಿ ಶಂಕೆಯೊಂದು ಉಳಿದಿದೆ. ಶಂಕಿಸುವವರನ್ನು ಅಜ್ಞರೆಂದು ತಳ್ಳಿಬಿಡುವುದು ಸಲ್ಲದು. ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿರಿಸಿ ಕೂರಿಸುವ ಶರೀರವು ಊನವಾಗಬಹುದೆ? ಲಿಂಗವನ್ನು ನೋಡುತ್ತಿದ್ದ ಕಣ್ಣೇ ಇಲ್ಲದೆ ಸಮಾಧಿಗೆ ಇಳಿಸುವುದೆಂತು? ಇದು ಪ್ರೀತಿಯಿಂದ ಹುಟ್ಟಿದ ಪ್ರಶ್ನೆ. ಮುಖವು ವಿಕಾರವಾಗದೆಂಬುದನ್ನು ವೈದ್ಯರು ತೋರಿಸಿಕೊಡಬಲ್ಲರು; ಕ್ರಿಯೆಗೂ ತಡೆಯಿಲ್ಲ. ಆದರೆ ಉತ್ತರವಿರುವುದು ಬೇರೆ ಕಡೆ. ಲಿಂಗೈಕ್ಯವೆಂದರೆ ನೋಡುವವನು ನೋಟದಲ್ಲಿ ಬೆರೆತನೆಂದೇ ಅರ್ಥ. ಬೆರೆತವನಿಗೆ ಕಣ್ಣು ಬೇಕೆನ್ನುವುದು ಐಕ್ಯವನ್ನೇ ಶಂಕಿಸಿದಂತೆ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಒಪ್ಪಿಸಬೇಕೆಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಹಾಗೆಯೇ ನಡೆಯಿತು. ಕ್ರಿಯೆಯ ರೂಪವು ಬೇರೆಯಾಯಿತೆಂದು ಅವರ ಐಕ್ಯಕ್ಕೆ ಊನ ಬಂದಿತೆಂದು ಯಾವ ಭಕ್ತನೂ ಹೇಳನು.

ಹಾಗಾದರೆ ಇದು ದಾನವೋ? ಜನರು ನೇತ್ರದಾನವೆನ್ನುವರು. ಶರಣರು ದಾನಕ್ಕಿಂತ ದಾಸೋಹವನ್ನು ಮೇಲೆಂದು ಬಗೆದರು. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಬೀಗು ಅಡಗಿರುವುದು, ದಾಸೋಹದಲ್ಲಿ ಕೊಡುವವನೇ ಸೇವಕನು. ಕಾಯವು ಪ್ರಸಾದವೆಂದ ಬಳಿಕ ನನ್ನದೆನ್ನಲು ಏನು ಉಳಿಯಿತು? ಪುಣ್ಯದ ಲೆಕ್ಕವಿಟ್ಟು ಕಣ್ಣು ಕೊಡುವೆನೆನ್ನುವವನೂ ಕಣ್ಣು ತನ್ನದೆಂದೇ ತಿಳಿದಿರುವನು. ಕೊಟ್ಟವರಾರು, ಪಡೆದವರಾರು ಎಂಬುದನ್ನು ನೇತ್ರನಿಧಿಯವರು ಗುಟ್ಟಾಗಿಡುವರು. ಈ ಪದ್ಧತಿಯು ದಾಸೋಹದ ಸ್ವಭಾವಕ್ಕೆ ಎಷ್ಟು ಚೆನ್ನಾಗಿ ಒಪ್ಪುವುದು!

ಪಡೆದವನ ಕಷ್ಟವೂ ಅಲ್ಲಿಗೆ ಮುಗಿಯದು. ಹೊಲಿಗೆಗಳು ಎಷ್ಟೋ ತಿಂಗಳು ಕಣ್ಣಿನಲ್ಲಿಯೇ ಇರಬಹುದು, ಹನಿಗಳನ್ನು ನೇಮ ತಪ್ಪದೆ ಹಾಕಬೇಕು. ಕಣ್ಣು ಕೆಂಪೇರಿದರೆ, ನೋಟ ಮಂಜಾದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ದೇಹವು ಹೊಸ ಪಟಲವನ್ನು ತಿರಸ್ಕರಿಸುವ ಭಯವು ವರುಷಗಳ ಮೇಲೂ ಇದ್ದೇ ಇರುವುದು. ಕೆಲವರಿಗೆ ಮರಳಿ ಕಸಿ ಬೇಕಾದೀತು. ಲಿಂಗವನ್ನು ನೋಡುತ್ತಿರುವ ಆ ಪಟಲವು ಭಕ್ತನದೋ ಭವಿಯದೋ ಎಂಬುದು ಅವನಿಗೆ ತಿಳಿಯದು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಸಾಮಾನ್ಯವಾಗಿ ರಕ್ತದ ಗುಂಪನ್ನು ಸಹ ಹೊಂದಿಸಬೇಕಾಗಿಲ್ಲ. ಇನ್ನು ಕುಲವನ್ನು ಹೊಂದಿಸುವ ಮಾತೆಲ್ಲಿ?

ಮನೆಯವರು ಒಪ್ಪದೆ ಈ ಸೇವೆ ನಡೆಯದು. ಆ ಒಪ್ಪಿಗೆಯನ್ನು ಕೇಳುವುದು ಅಳುವಿನ ಹೊತ್ತಿನಲ್ಲಿ. ಪ್ರಾಣ ಹೋದ ಆರು ತಾಸಿನೊಳಗೆ ಪಟಲವನ್ನು ತೆಗೆಯಬೇಕು. ಬಂಧುಗಳು ಬರುವ ದಾರಿ ಕಾಯುವುದರಲ್ಲಿಯೇ ಅದು ಕಳೆದುಹೋಗುವುದು. ಆದುದರಿಂದ ಇದ್ದಾಗಲೇ ಮಕ್ಕಳೆದುರು, ಸೊಸೆಯಂದಿರೆದುರು ಹೇಳಿಟ್ಟಿರಬೇಕು. ಕನ್ನಡಕದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಸಹ ಕೊಡಬಹುದು. ಬೆಳಗಾವಿಯಿಂದಲೋ ಮಿರಜ, ಕೊಲ್ಲಾಪುರಗಳಿಂದಲೋ ವೈದ್ಯರು ನಿಪ್ಪಾಣಿ, ಅಥಣಿಗಳ ಕಡೆಯ ಹಳ್ಳಿಯನ್ನು ಮುಟ್ಟಲು ಹೊತ್ತು ಹಿಡಿಯುವುದು. ಮೊದಲು ನೇತ್ರನಿಧಿಗೆ ಫೋನು ಮಾಡಿ, ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಹತ್ತಿಯನ್ನಿಟ್ಟು, ತಲೆಯನ್ನು ದಿಂಬಿನಿಂದ ತುಸು ಎತ್ತರಿಸಿ, ಫ್ಯಾನನ್ನು ಆರಿಸಿದರಾಯಿತು. ವೈದ್ಯರ ಕೆಲಸವು ಅರ್ಧ ತಾಸಿನೊಳಗೆ ಮುಗಿಯುವುದು. ಮಜ್ಜನದ ನೀರು ಅಷ್ಟರಲ್ಲಿ ಕಾದಿರುವುದು.