ಬನ್ನಿರಿ ಎಂದು ಕರೆಯುವವರು ಯಾರು?



2020ನೆಯ ಇಸವಿಯ ಮಾರ್ಚಿ ತಿಂಗಳನ್ನು ನೀವು ಮರೆತಿರಲಾರಿರಿ. ಕೊರೋನಾ ರೋಗದಿಂದ ಈ ದೇಶದಲ್ಲಿ ಮೊದಲು ಪ್ರಾಣಬಿಟ್ಟವನು ನಮ್ಮ ರಾಜ್ಯದ ಕಲಬುರಗಿಯವನಾದ 76 ವರುಷದ ಒಬ್ಬ ವೃದ್ಧನು. ಆ ರೋಗವು ಎಳೆಯರನ್ನು ಮುಟ್ಟಿದರೂ ಮುದುಕರನ್ನೇ ಹೆಚ್ಚಾಗಿ ಕೆಡವಿತು. ಆದಕಾರಣ 65 ವರುಷ ದಾಟಿದವರು ಮನೆಯಲ್ಲಿಯೇ ಇರಬೇಕೆಂದು ಸರಕಾರದವರು ತಿಳಿಸಿದರು. ಆ ಕಾಲಕ್ಕೆ ಅದು ಒಳ್ಳೇ ಮಾತೇ ಆಗಿತ್ತು. ನಾನೂ ಮನೆಮನೆಯ ಬಾಗಲ ಹೊರಗೆ ನಿಂತು, "ಅಜ್ಜಾ, ದೇವಾಲಯಕ್ಕೆ ಬರಬೇಡಿರಿ, ಕಟ್ಟೆಯ ಮೇಲೆ ಕೂಡ್ರಬೇಡಿರಿ" ಎಂದು ಹೇಳಿದೆನು.

ಅವರಲ್ಲಿ ಒಬ್ಬ ಹಿರಿಯರಿದ್ದರು. ಅವರು ಓದು ಬಲ್ಲವರಲ್ಲ. ಆದರೂ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೇರಿಗೆ ನೀರು ಯಾಕೆ ಬರಲಿಲ್ಲವೆಂದು ಕೇಳುವ ಧೈರ್ಯವುಳ್ಳವರು. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಜಗಳಾಡಿದರೆ ಅವರನ್ನೇ ಕರೆಯುತ್ತಿದ್ದರು. ತರುವಾಯ 2021ನೆಯ ಮಾರ್ಚಿ 1ರಿಂದ 60 ವರುಷ ದಾಟಿದವರಿಗೆ ಲಸಿಕೆ ಹಾಕತೊಡಗಿದರು. ಸಂತೆಯೂ ಶಾಲೆಯೂ ದೇವಾಲಯವೂ ತೆರೆದವು. ಆ ಹಿರಿಯರ ಸ್ಥಳವು ಮಾತ್ರ ಬರಿದಾಗಿಯೇ ಇತ್ತು. ಬಹುಕಾಲ ಕಳೆದ ಮೇಲೆ ನಾನು ಹೋಗಿ, "ಅಜ್ಜಾ, ಯಾಕೆ ಬರುವದಿಲ್ಲ?" ಎಂದು ಕೇಳಲು ಅವರು, "ಉಪದೇಶಿಗಳೇ, ಬರಬೇಡವೆಂದು ನೀವೇ ಹೇಳಿದಿರಿ. ಬಾ ಎಂದು ಈ ವರೆಗೆ ಯಾರೂ ಹೇಳಲಿಲ್ಲ" ಅಂದರು. ಆ ಮಾತು ನನ್ನ ಎದೆಗೆ ನಾಟಿತು. ಉತ್ತರ ಕೊಡಲಾರದೆ ತಲೆತಗ್ಗಿಸಿದೆನು.

ಪ್ರಿಯರೇ, ಮುದುಕರಿಗೆ ಊಟವನ್ನೂ ಔಷಧವನ್ನೂ ಕೊಟ್ಟೆವು, ಇಷ್ಟೇ ಸಾಕು ಅನ್ನಬಹುದೋ? 2023ನೆಯ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯ ಚುನಾವಣೆ ನಡೆದಾಗ, 80 ವರುಷ ದಾಟಿದವರು ಬೇಡಿಕೊಂಡರೆ ಅಧಿಕಾರಿಗಳೇ ಅವರ ಮನೆಗೆ ಹೋಗಿ ಮತವನ್ನು ತೆಗೆದುಕೊಂಡರು. ಒಂದು ಮತಕ್ಕಾಗಿ ಅಧಿಕಾರಿಗಳು ಅವರ ಬಾಗಲಿಗೆ ಹೋಗಿರಲಾಗಿ, ಕರ್ತನ ಒಂದೇ ಪಂಕ್ತಿಯಲ್ಲಿ ಕೂಡುವ ನಾವು ಹೋಗದೆ ಇರುವದು ನಾಚಿಕೆಯಲ್ಲವೋ? ಶಿಶುವಾದ ಯೇಸುವನ್ನು ದೇವಾಲಯದಲ್ಲಿ ಗುರುತಿಸಿದವರು ಯಾರು? ಮರಣಕ್ಕೆ ಸಿದ್ಧನಾಗಿದ್ದ ಸಿಮೆಯೋನನೂ ಮುಪ್ಪಿನ ವಿಧವೆಯಾದ ಅನ್ನಳೂ ಅಲ್ಲವೇ? ಅವರನ್ನು ಮನೆಯಲ್ಲಿಯೇ ಕೂಡ್ರಿಸಿದ್ದರೆ ಆ ಸಾಕ್ಷಿಯನ್ನು ಯಾರು ಹೇಳುತ್ತಿದ್ದರು?

ಹೀಗಿರಲಾಗಿ ಯೌವನಸ್ಥರೇ, ಬರುವ ಆದಿತ್ಯವಾರ ಒಬ್ಬೊಬ್ಬ ಹಿರಿಯರ ಕೈಹಿಡಿದು ಕರೆತನ್ನಿರಿ. ಗ್ರಾಮಸಭೆಯ ದಿನವನ್ನು ಅವರಿಗೆ ಮುಂದಾಗಿ ತಿಳಿಸಿರಿ. ಕಿವಿ ಮಂದವಾದವರ ಪಕ್ಕದಲ್ಲಿ ಕೂತು ನಡೆದ ಮಾತನ್ನು ಹೇಳಿರಿ. ಅವರು ಮಾತಾಡುವಾಗ ಸುಮ್ಮಗಿದ್ದು ಕೇಳಿರಿ. ನಡೆಯಲಾರದವರ ಜಗಲಿಯಲ್ಲಿಯೇ ಪ್ರಾರ್ಥನೆಗೆ ಕೂಡಿರಿ. ಹಿರಿಯರೇ, ನೀವೂ ನಮ್ಮ ಕಾಲ ಮುಗಿಯಿತು ಅನ್ನಬೇಡಿರಿ. ನಿಮ್ಮ ಬುದ್ಧಿಮಾತು ನಮಗೆ ಬೇಕು.

ಆ ಅಜ್ಜನವರು ಕಳೆದ ಆದಿತ್ಯವಾರ ಕೋಲೂರಿಕೊಂಡು ಬಂದು ತಮ್ಮ ಹಳೇ ಸ್ಥಳದಲ್ಲಿ ಕೂತರು. ಬರಬೇಡಿರೆಂದು ಹೇಳಿದ ಬಾಯಿಂದಲೇ ಬನ್ನಿರೆಂದು ಕರೆಯುವ ಕೃಪೆಯನ್ನು ದೇವರು ನಮಗೆಲ್ಲರಿಗೂ ಕೊಡಲಿ. ಆಮೆನ್.