ವಿಸ್ಮೃತಿಯುಳ್ಳ ವೃದ್ಧರ ಶುಶ್ರೂಷೆಯಲ್ಲಿ ಒಂದು ಧರ್ಮಸಂದೇಹ

ಅರವತ್ತಕ್ಕೆ ಅರಳು ಮರಳು ಎಂದು ನಕ್ಕು ಸುಮ್ಮನಾಗುವ ರೂಢಿ ನಮ್ಮಲ್ಲಿದೆ. ಆದರೆ ನಾಲ್ಕು ದಶಕಗಳ ಕಾಲ ದೇವರ ಪೂಜೆ ಮಾಡಿದ ಹಿರಿಯರೊಬ್ಬರು ಸಂಧ್ಯಾವಂದನೆಯ ನಡುವೆ ಅರ್ಘ್ಯ ಕೊಟ್ಟೆನೋ ಇಲ್ಲವೋ ಎಂದು ಉದ್ಧರಣೆ ಹಿಡಿದು ದಿಕ್ಕುತೋಚದೆ ಕುಳಿತಾಗ ಮನೆಯವರಿಗೆ ನಗು ಬರುವುದಿಲ್ಲ. ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ಎಂಬತ್ತೆರಡು ವರ್ಷದ ತೀರ್ಥರೂಪರ ಸ್ಥಿತಿ ಇದೇ ಆಗಿದೆ. ಜೊತೆಗೆ ರಕ್ತದೊತ್ತಡವೂ ಉಂಟು. ಸಾಗರದಿಂದ ತಂದ ಯಂತ್ರದ ಪಟ್ಟಿಯನ್ನು ಅವರ ತೋಳಿಗೆ ಸುತ್ತುವ ಕೆಲಸ ನನ್ನದು. ಅದರಲ್ಲಿ ಎದ್ದ ಸಂದೇಹವೊಂದನ್ನು ವಾಚಕರ ಮುಂದಿಡುತ್ತೇನೆ.

ಅಧಿಕ ಒತ್ತಡವು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮೇಲಿನ ಒತ್ತಡಕ್ಕೆ 140ರ ಬದಲು 120ರ ಒಳಗಿನ ಗುರಿಯಿಟ್ಟವರಲ್ಲಿ ಅರಿವಿನ ಸೌಮ್ಯ ಕುಂದು ಕಡಿಮೆ ಕಂಡಿತು. ಆದರೆ ಆಗಲೇ ಮರೆವಿನ ರೋಗವಿದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಅಂಥವರಿಗೆ ಒತ್ತಡ ಅತಿಯಾಗಿ ಇಳಿದರೆ ತಲೆಸುತ್ತಿ ಬೀಳುವ ಭಯ ಬೇರೆ. ಆದುದರಿಂದ ಕುಳಿತಾಗಲೂ, ಎದ್ದು ನಿಂತ ಮೂರು ನಿಮಿಷದೊಳಗೂ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಬೇಕು.

ಮೊದಲ ತಿಂಗಳು ನಾನು ಅವರ ಮುಂಗೈಯನ್ನು ಬಿಗಿಯಾಗಿ ಹಿಡಿದೇ ಅಳೆದೆ. "ಯಾಕೆ ಕಟ್ತೀಯೋ ಮಾಣಿ, ನೋಯ್ತದೆ" ಎಂದು ಅವರು ಕೊಸರಿಕೊಳ್ಳುತ್ತಿದ್ದರು. ಅಂಕಿ 178. ಮಾತ್ರೆ ಹೆಚ್ಚಿಸಿರೆಂದು ಕೇಳಲು ತೀರ್ಥಹಳ್ಳಿಗೆ ಹೋದಾಗ ವೈದ್ಯರು ಅಂಕಿಯನ್ನು ಬಿಟ್ಟು, ಅಳೆದ ರೀತಿಯನ್ನು ವಿಚಾರಿಸಿದರು. ಸಿಟ್ಟು, ಮಾತು, ಜೋತುಬಿದ್ದ ತೋಳು, ಕಟ್ಟಿದ ಮೂತ್ರ, ಇವೆಲ್ಲ ಅಂಕಿಯನ್ನು ಏರಿಸುತ್ತವೆಯಂತೆ. ಅನಂತರ ಜಗಲಿಯಲ್ಲಿ ಬೆನ್ನಿಗೆ ಒರಗು ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕಿರಿಸಿ, ಐದು ನಿಮಿಷ ಮೌನವಾಗಿ ಕೂರಿಸಿ ನೋಡಿದರೆ 146! ನನ್ನ ಬಲಾತ್ಕಾರಕ್ಕಾಗಿ ಅವರು ಹೆಚ್ಚಿನ ಮಾತ್ರೆ ನುಂಗಬೇಕಾಗುತ್ತಿತ್ತು.

ಒಮ್ಮೆ ಸುಳ್ಳನ್ನೂ ಹೇಳಿದೆ. "ಇದು ಮಠದಿಂದ ಬಂದ ರಕ್ಷೆ" ಎಂದಾಗ ಅವರು ಭಕ್ತಿಯಿಂದ ತೋಳು ಚಾಚಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹತ್ತು ನಿಮಿಷದಲ್ಲಿ ಮರೆಯುವವರಿಗೆ ಸುಳ್ಳಾದರೇನು, ನಿಜವಾದರೇನು ಎಂದು ವಾದಿಸಬಹುದು. ಆದರೆ ಪಾಠಶಾಲೆಯಲ್ಲಿ ಓದಿದ್ದು ಅಡ್ಡ ಬಂತು. ನಮ್ಮ ಸಿದ್ಧಾಂತದಲ್ಲಿ ಸ್ಮರಣೆ ಮನಸ್ಸಿನ ವ್ಯಾಪಾರ. ಸುಖದುಃಖಗಳನ್ನು ಅರಿಯುವುದಾದರೋ ಸಾಕ್ಷಿ. ಅದು ಜೀವನ ಸ್ವರೂಪವೇ ಆದ ಇಂದ್ರಿಯ. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪದು. ಹಾಗಿದ್ದಮೇಲೆ ತಿಥಿವಾರ ಮರೆತ ತಂದೆ "ನೋಯ್ತದೆ" ಎಂದರೆ ಅದನ್ನು ಅರಳು ಮರಳೆಂದು ತಳ್ಳಿಹಾಕಲು ನಾನು ಯಾರು? ಈಗ ಅವರು ಬೇಡವೆಂದರೆ ಪಟ್ಟಿಯನ್ನು ಮಡಿಸಿಟ್ಟು ಒಂದು ಗಳಿಗೆ ಬಿಟ್ಟು ಬರುತ್ತೇನೆ. ವೈದ್ಯರಿಗೆ ಬೇಕಾದದ್ದು ಹಲವು ದಿನಗಳ ಅಂಕಿಗಳ ಒಟ್ಟು ನೋಟ. ಒಂದು ದಿನ ತಪ್ಪಿದರೆ ಪ್ರಳಯವೇನೂ ಆಗದು.

ಇದಕ್ಕಿಂತ ಕಠಿನವಾದದ್ದು ಏಕಾದಶಿ. ಕಳೆದ ಕಾರ್ತಿಕ ಶುದ್ಧ ಏಕಾದಶಿಯಂದು ಅವರು ನೀರನ್ನೂ ಮುಟ್ಟಲಿಲ್ಲ. ಸಂಜೆ ಕುಳಿತಾಗ 138 ಇದ್ದದ್ದು ನಿಂತಾಗ 108. ಜಗಲಿಯ ಕಂಬ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಉಪವಾಸದ ನಿಯಮ ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬುವವರೆಗೆ ಎಂಬ ಮಾತುಂಟು. ನೀರು, ಹಾಲು, ಔಷಧ, ಗುರುವಚನಗಳಿಂದ ವ್ರತಭಂಗವಿಲ್ಲವೆಂದೂ ಉಂಟು. ಆದರೆ ತಮಗೆ ಅರವತ್ತೆಂದೇ ನಂಬಿರುವ ಅವರಿಗೆ ಇದನ್ನು ಒಪ್ಪಿಸುವುದು ಹೇಗೆ? "ಇವತ್ತು ಏಕಾದಶಿಯಲ್ಲ ಎಂದುಬಿಡು" ಎಂದರು ನಮ್ಮ ಭಾವ. ಮನಸ್ಸು ಒಪ್ಪಲಿಲ್ಲ. ಪಂಚಾಂಗದಂತೆ ಬಾಳಿದವರಿಂದ ತಿಥಿಯನ್ನೇ ಕದ್ದರೆ ಅವರಿಗೆ ಉಳಿಯುವುದೇನು?

ಅವರು ಗುರುಗಳಂತೆ ಕಾಣುವ ವೃದ್ಧ ವಿದ್ವಾಂಸರೊಬ್ಬರನ್ನು ಕಂಡು, ಎಂಬತ್ತು ಮೀರಿದ್ದರಿಂದ ನೀರು, ಹಾಲು, ಮಾತ್ರೆ ಸ್ವೀಕರಿಸತಕ್ಕದ್ದೆಂದು ಬರೆಯಿಸಿ ತಂದೆ. ಆ ಚೀಟಿ ಪಂಚಾಂಗದ ಪಕ್ಕದಲ್ಲಿ ತೂಗುತ್ತಿದೆ. "ಇವತ್ತು ಏಕಾದಶಿಯೋ?" ಎಂದಾಗ "ಹೌದು ಅಪ್ಪಯ್ಯ" ಎಂದು ಅದನ್ನು ಕೈಗೆ ಕೊಡುತ್ತೇನೆ. ಪ್ರತಿಸಲವೂ ಹೊಸದಾಗಿ ಓದುತ್ತಾರೆ, ಅಕ್ಷರ ಗುರುತಿಸುತ್ತಾರೆ, ಹಾಲು ಕುಡಿಯುತ್ತಾರೆ. ಕೆಲವು ಏಕಾದಶಿಗಳಲ್ಲಿ ಓದಿ, ಕಣ್ಣಿಗೊತ್ತಿಕೊಂಡು, ಲೋಟವನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಅಂದು ಮಾತ್ರೆಯ ವಿಷಯವಾಗಿ ವೈದ್ಯರನ್ನು ಕೇಳಿಕೊಂಡು, ನಿಂತಾಗಿನ ಒತ್ತಡವನ್ನು ಎರಡು ಸಲ ನೋಡಿ, ದ್ವಾದಶಿಯ ಪಾರಣೆಯವರೆಗೆ ಅವರು ಎದ್ದಾಗಲೆಲ್ಲ ಬಗಲಲ್ಲಿ ನಿಲ್ಲುತ್ತೇನೆ.